60 ಲೀಟರ್ ಡೀಸೆಲ್ ಅಂದರೆ ಒಂದು ಮೂಟೆ ಸಿಮೆಂಟ್: ಲಾರಿ ಲೋಡ್ ಲೆಕ್ಕಕ್ಕೆ ಡೀಸೆಲ್ ತೂಕ ಸೇರಿಸುವುದು ಹೇಗೆ

ದಾವಣಗೆರೆಯಿಂದ ತಮಿಳುನಾಡಿನ ನಾಮಕ್ಕಲ್‌ಗೆ ಮೆಕ್ಕೆಜೋಳ ಹೊತ್ತು ಹೋದ ನಮ್ಮ ಹತ್ತು ಚಕ್ರದ ಗಾಡಿಗೆ ಒಮ್ಮೆ 150 ಕೆಜಿ ಶಾರ್ಟೇಜ್ ಬಿತ್ತು, ಅಂದರೆ ಇಳಿಸುವ ಕಡೆ ಮಾಲು ಅಷ್ಟು ಕಡಿಮೆ ತೂಗಿತು. ಅಲ್ಲಿನ ಕೋಳಿ ಆಹಾರದ ಮಿಲ್ಲೊಂದರಲ್ಲಿ ಕೆಜಿಗೆ 24 ರೂಪಾಯಿಯಂತೆ 3,600 ರೂಪಾಯಿಯನ್ನು ಬಾಡಿಗೆಯಲ್ಲೇ ಮುರಿದುಕೊಂಡರು. ಗಾಡಿ ವಾಪಸ್ ಬಂದ ದಿನ ನಾನು ಡ್ರೈವರ್ ಮೇಲೆ ಹರಿಹಾಯ್ದೆ. "ದಾರೀಲಿ ಮೂರು ಚೀಲ ಎಲ್ಲಿ ಇಳಿಸಿದ್ರಿ ಹೇಳಿ" ಅಂತ ಕೇಳಿಯೇಬಿಟ್ಟೆ. ಅವರು ನನಗಿಂತ ಹತ್ತು ವರ್ಷ ದೊಡ್ಡವರು. "ಸಾಹುಕಾರ್ರೇ, ಹಗ್ಗ ಬಿಚ್ಚಿಲ್ಲ, ತಾಡಪಾಲು ಎತ್ತಿಲ್ಲ" ಅಂದರು. ನಾನು ನಂಬಲಿಲ್ಲ.

ಎರಡು ದಿನ ಬಿಟ್ಟು ಲೆಕ್ಕ ಬರೆಯಲು ಚೀಟಿಗಳನ್ನೆಲ್ಲ ಹರಡಿಕೊಂಡು ಕೂತೆ. ಖಾಲಿ ತೂಕದ ಚೀಟಿಯಲ್ಲಿ ಬೆಳಿಗ್ಗೆ 9:40. ಪಂಪ್ ಬಿಲ್‌ನಲ್ಲಿ 10:15, 180 ಲೀಟರ್. ಲೋಡ್ ತೂಕದ ಚೀಟಿಯಲ್ಲಿ ಸಂಜೆ 4:20. ಅಲ್ಲಿಗೆ ವಿಷಯ ಗೊತ್ತಾಯಿತು. ಖಾಲಿ ಗಾಡಿ ತೂಗಿದ ಮೇಲೆ ಡೀಸೆಲ್ ಹಾಕಿಸಿದ್ದರು. ಆ 180 ಲೀಟರ್‌ನ ತೂಕ 150 ಕೆಜಿ. ದಾವಣಗೆರೆಯ ಚೀಟಿಯಲ್ಲಿ ಅದು ಜೋಳದ ಲೆಕ್ಕಕ್ಕೆ ಸೇರಿತ್ತು. ನಾಮಕ್ಕಲ್‌ನಲ್ಲಿ ಮಾತ್ರ ಬರೀ ಜೋಳವನ್ನು ತೂಗಿದ್ದರು. ಕದ್ದವರು ಯಾರೂ ಇರಲಿಲ್ಲ.

ಆವತ್ತಿನಿಂದ ನಮ್ಮ ಎರಡೂ ಗಾಡಿಗಳಲ್ಲಿ ಡೀಸೆಲ್ ತೂಕವನ್ನು ಪ್ರತಿ ಟ್ರಿಪ್‌ಗೂ ಬರೆದಿಡುತ್ತೇವೆ. ಅದನ್ನು ಹೇಗೆ ಮಾಡುತ್ತೇವೆ ಅಂತ ಹೇಳುತ್ತೇನೆ. ಹತ್ತು ಚಕ್ರದ ಗಾಡಿಯನ್ನೇ ಉದಾಹರಣೆಗೆ ಇಟ್ಟುಕೊಂಡಿದ್ದೇನೆ. ಆರು ಚಕ್ರವಾಗಲಿ, ಟ್ರೇಲರ್ ಆಗಲಿ, ಅಂಕಿ ಬದಲಾದೀತು, ಲೆಕ್ಕ ಇದೇ.

ಮೊದಲು ಲೀಟರ್ ಅನ್ನು ಕೆಜಿ ಮಾಡಿ

ಡೀಸೆಲ್ ನೀರಿಗಿಂತ ಹಗುರ. ಬಿಎಸ್-6 ಡೀಸೆಲ್‌ಗೆ ನಮ್ಮ ದೇಶದ ಮಾನಕ ಐಎಸ್ 1460. ಅದರ ಪ್ರಕಾರ 15 ಡಿಗ್ರಿ ಉಷ್ಣತೆಯಲ್ಲಿ ಒಂದು ಲೀಟರ್ ಡೀಸೆಲ್ 810 ರಿಂದ 845 ಗ್ರಾಂ ತೂಗಬೇಕು. ನಾವು ಮಧ್ಯದ ಅಂಕಿ ಹಿಡಿದರೆ ಸಾಕು.

ಬಾಯಿಲೆಕ್ಕಕ್ಕೆ ಒಂದು ಸುಲಭ ದಾರಿ ಇದೆ. ಲೀಟರ್‌ನಲ್ಲಿ ಆರನೇ ಒಂದು ಭಾಗ ಕಳೆಯಿರಿ. ಉಳಿದದ್ದು ಕೆಜಿ. 300 ಲೀಟರ್‌ನಲ್ಲಿ 50 ಕಳೆದರೆ 250 ಕೆಜಿ. 180ರಲ್ಲಿ 30 ಕಳೆದರೆ 150. 60ರಲ್ಲಿ 10 ಕಳೆದರೆ 50, ಅಂದರೆ ಸರಿಯಾಗಿ ಒಂದು ಮೂಟೆ ಸಿಮೆಂಟ್. ನನ್ನ ತಲೆಯಲ್ಲಿ ಉಳಿದದ್ದು ಈ ಮೂಟೆ ಲೆಕ್ಕವೇ. 300 ಲೀಟರ್ ಟ್ಯಾಂಕ್ ಫುಲ್ ಮಾಡಿಸಿದಿರಾ? ಐದು ಮೂಟೆ ಸಿಮೆಂಟನ್ನು ಚಾಸಿಗೆ ಕಟ್ಟಿಕೊಂಡು ಹೊರಟಿದ್ದೀರಿ ಅಂದುಕೊಳ್ಳಿ.

ಇನ್ನೂ ಕರಾರುವಾಕ್ಕಾಗಿ ಬೇಕೆನ್ನುವವರು ಪಂಪ್ ಬಿಲ್ ನೋಡಬಹುದು. ಬಹಳ ಪಂಪ್‌ಗಳಲ್ಲಿ ಬಿಲ್ ಮೇಲೆ ಡೆನ್ಸಿಟಿ ಅಂತ ಅಚ್ಚಾಗಿರುತ್ತದೆ. ಅದು 828 ಅಂತ ಇದ್ದರೆ ಲೀಟರ್‌ಗೆ 828 ಗ್ರಾಂ. 300 ಲೀಟರ್‌ಗೆ 248 ಕೆಜಿ ಚಿಲ್ಲರೆ. ಆದರೆ ಆ ಅಂಕಿ 15 ಡಿಗ್ರಿಗೆ ಸರಿಹೊಂದಿಸಿದ್ದು. ನಮ್ಮ ಬಿಸಿಲಲ್ಲಿ ಡೀಸೆಲ್ ಸ್ವಲ್ಪ ಹಿಗ್ಗಿರುತ್ತದೆ, ಹಾಗಾಗಿ ಲೀಟರ್ ಇನ್ನೂ ಒಂದೂವರೆ ಪರ್ಸೆಂಟ್ ಹಗುರ. 248 ಕೆಜಿ 244 ಆಗುತ್ತದೆ. ಈ ನಾಲ್ಕು ಕೆಜಿಗೆ ತಲೆ ಕೆಡಿಸಿಕೊಳ್ಳಬೇಡಿ. ಗಾಡಿ ತೂಗುವ ವೇಬ್ರಿಡ್ಜೇ 10 ಕೆಜಿ ಹಂತದಲ್ಲಿ ಓದುತ್ತದೆ. ಆರನೇ ಒಂದು ಭಾಗದ ಲೆಕ್ಕ ತೂಕವನ್ನು ತುಸು ಜಾಸ್ತಿಯೇ ತೋರಿಸುತ್ತದೆ. ಲೋಡ್ ವಿಷಯದಲ್ಲಿ ಜಾಸ್ತಿ ಹಿಡಿದರೆ ನಷ್ಟವಿಲ್ಲ.

ಟ್ಯಾಂಕನ್ನು ಮುಚ್ಚಳದ ತನಕ ಉಕ್ಕುವಂತೆ ತುಂಬಿಸಬೇಡಿ. ಪಂಪ್‌ನ ಟ್ಯಾಂಕ್ ನೆಲದೊಳಗೆ ತಂಪಾಗಿರುತ್ತದೆ. ಅಲ್ಲಿಂದ ಬಂದ 300 ಲೀಟರ್ ಡೀಸೆಲ್ ಬಿಸಿಲಲ್ಲಿ 15 ಡಿಗ್ರಿ ಕಾದರೆ ಮೂರೂಮುಕ್ಕಾಲು ಲೀಟರ್‌ನಷ್ಟು ಉಬ್ಬುತ್ತದೆ. ಉಬ್ಬಿದ್ದು ಮುಚ್ಚಳದಿಂದ ಸೋರಿ ಟ್ಯಾಂಕ್ ಮೇಲೆಲ್ಲ ಧೂಳು ಮೆತ್ತಿಕೊಳ್ಳುತ್ತದೆ. ಹಿಗ್ಗುವುದು ಲೀಟರ್ ಮಾತ್ರ. ತೂಕ ಹಾಕಿಸಿದಾಗ ಎಷ್ಟಿತ್ತೋ ಅಷ್ಟೇ.

ಇನ್ನೊಂದು ಅಭ್ಯಾಸ ಬಿಡಬೇಕು. ನಮ್ಮವರು ಪಂಪ್‌ನಲ್ಲಿ "ಹತ್ತು ಸಾವಿರದ್ದು ಹಾಕಪ್ಪ" ಅನ್ನುತ್ತಾರೆ. ದುಡ್ಡಿನ ಲೆಕ್ಕ ಸಿಗುತ್ತದೆ, ಲೀಟರ್ ಎಷ್ಟು ಅಂತ ಯಾರಿಗೂ ನೆನಪಿರುವುದಿಲ್ಲ. ಬಿಲ್ ಕೇಳಿ ಇಸಿದುಕೊಳ್ಳಿ. ಅದರಲ್ಲಿ ಲೀಟರ್ ಇರುತ್ತದೆ, ಸಮಯವೂ ಇರುತ್ತದೆ. ಎರಡೂ ಮುಂದೆ ಕೆಲಸಕ್ಕೆ ಬರುತ್ತವೆ.

ಗಾಡಿಯ ನಿಜವಾದ ಖಾಲಿ ತೂಕ ಹಿಡಿಯಿರಿ

ಇಡೀ ಲೆಕ್ಕದಲ್ಲಿ ಮುಖ್ಯವಾದದ್ದು ಇದೇ. ಇದನ್ನು ಮಾಡದೆ ಬೇರೆ ಏನು ಮಾಡಿದರೂ ಸುಮ್ನೆ.

ಬಹಳ ಜನ ಆರ್‌ಸಿ (ನೋಂದಣಿ ಪತ್ರ) ತೆಗೆದು ನೋಡುತ್ತಾರೆ. ಮಾಲು ಸೇರಿ ಇರಬಹುದಾದ ಒಟ್ಟು ತೂಕ 28,000, ಖಾಲಿ ತೂಕ 8,900 ಅಂತ ಇರುತ್ತದೆ ಅನ್ನೋಣ. ಎರಡನ್ನೂ ಕಳೆದು 19,100 ಕೆಜಿ ಹಾಕಬಹುದು ಅಂತ ಮಾಲು ಕಳಿಸುವ ಪಾರ್ಟಿಗೆ ಮಾತು ಕೊಡುತ್ತಾರೆ. ತಪ್ಪು ಇಲ್ಲೇ ಶುರುವಾಗುವುದು. ಮೋಟಾರು ವಾಹನ ಕಾಯಿದೆಯಲ್ಲಿ ಖಾಲಿ ತೂಕದ ಅರ್ಥ ಬರೆದಿರುವಲ್ಲೇ ಡ್ರೈವರ್ ಮತ್ತು ಸಹಾಯಕನ ತೂಕ ಬಿಟ್ಟು ಅಂತ ಇದೆ. ಆ ಅಂಕಿ ದಾಖಲಾದ ದಿನ ಟ್ಯಾಂಕಿನಲ್ಲಿ ಎಷ್ಟು ಡೀಸೆಲ್ ಇತ್ತು ಅಂತ ಆರ್‌ಸಿ ಹೇಳುವುದಿಲ್ಲ. ಆಮೇಲೆ ನೀವು ಬಾಡಿಯೊಳಗೆ ಹಲಗೆ ಹೊಡೆಸಿರುತ್ತೀರಿ, ಟೂಲ್ ಬಾಕ್ಸ್ ಕೂರಿಸಿರುತ್ತೀರಿ, ಎರಡನೇ ಸ್ಟೆಪ್ನಿ ತೂಗುಹಾಕಿರುತ್ತೀರಿ. ನಮ್ಮ ಗಾಡಿಯಲ್ಲಿ ಆರ್‌ಸಿಗೂ ನಿಜಕ್ಕೂ 740 ಕೆಜಿ ವ್ಯತ್ಯಾಸ ಬಂತು. ಅದರಲ್ಲಿ ಮೂರನೇ ಒಂದು ಭಾಗ ಬರೀ ಡೀಸೆಲ್.

ಹೀಗೆ ಮಾಡಿ. ಒಂದು ದಿನ ಗಾಡಿ ಪೂರ್ತಿ ಖಾಲಿ ಇರುವಾಗ, ಬಾಡಿಯನ್ನು ಗುಡಿಸಿ, ಪಂಪ್‌ಗೆ ಹೋಗಿ ಟ್ಯಾಂಕ್ ಫುಲ್ ಮಾಡಿಸಿ. ಯೂರಿಯಾ ಟ್ಯಾಂಕನ್ನೂ ತುಂಬಿಸಿ. ಹಗ್ಗ, ತಾಡಪಾಲು, ಜಾಕಿ, ಸ್ಟೌ, ನೀರಿನ ಕ್ಯಾನ್, ಹಾಸಿಗೆ ಎಲ್ಲ ಎಂದಿನಂತೆ ಗಾಡಿಯಲ್ಲೇ ಇರಲಿ. ಡ್ರೈವರ್, ಕ್ಲೀನರ್ ಇಬ್ಬರೂ ಒಳಗೆ ಕೂತಿರಲಿ. ಹಾಗೇ ಹತ್ತಿರದ ವೇಬ್ರಿಡ್ಜ್ ಮೇಲೆ ಹತ್ತಿಸಿ. ಬಂದ ಅಂಕಿಯೇ ನಿಮ್ಮ ಗಾಡಿಯ ಅತಿ ಭಾರದ ಖಾಲಿ ತೂಕ. ನಮ್ಮದು 9,640 ಕೆಜಿ.

ಟ್ಯಾಂಕ್ ಫುಲ್ ಯಾಕೆ ಅಂದರೆ ನಂಬಬಹುದಾದ ಮಟ್ಟ ಅದೊಂದೇ. ಮೀಟರ್‌ನ ಮುಳ್ಳು ಅರ್ಧ ತೋರಿಸಿದಾಗ ಒಳಗೆ ನಿಜವಾಗಿ ಅರ್ಧ ಇರುತ್ತದೆ ಅಂತ ಹೇಳಲಾಗದು. ಕಡ್ಡಿ ಹಾಕಿ ನೋಡುವವರಿದ್ದಾರೆ. ಅದೂ ಟ್ಯಾಂಕಿನ ಆಕಾರ, ಗಾಡಿ ನಿಂತ ಜಾಗದ ಇಳಿಜಾರು ನೋಡಿಕೊಂಡು ಹೆಚ್ಚುಕಮ್ಮಿ ಆಗುತ್ತದೆ. ಫುಲ್ ಅಂದರೆ ಫುಲ್. ಅಲ್ಲಿಂದ ಕೆಳಗೆ ಎಷ್ಟು ಕಡಿಮೆ ಇದೆಯೋ ಅಷ್ಟನ್ನು ಕಳೆಯುತ್ತಾ ಹೋಗಬಹುದು.

ಯೂರಿಯಾ ಬಗ್ಗೆ ಎರಡು ಮಾತು. ಡ್ರೈವರ್‌ಗಳು ಯೂರಿಯಾ ಅನ್ನುವ ಈ ಡಿಇಎಫ್ (ಗಾಡಿಯ ಹೊಗೆ ಶುದ್ಧ ಮಾಡುವ ದ್ರವ) 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದ ಮೇಲೆ ಬಹುತೇಕ ಹೊಸ ಲಾರಿಗಳಲ್ಲಿ ಕಡ್ಡಾಯದಂತೆ ಆಯಿತು. ಅದರಲ್ಲಿ 32.5 ಪರ್ಸೆಂಟ್ ಯೂರಿಯಾ, ಉಳಿದದ್ದು ಶುದ್ಧ ನೀರು. ಆದ್ದರಿಂದ ಅದು ನೀರಿಗಿಂತಲೂ ಭಾರ, ಲೀಟರ್‌ಗೆ 1.09 ಕೆಜಿ. 40 ಲೀಟರ್ ಯೂರಿಯಾ ಟ್ಯಾಂಕ್ ತುಂಬಿದರೆ 44 ಕೆಜಿ. ಹೆಚ್ಚುಕಮ್ಮಿ ಇನ್ನೊಂದು ಮೂಟೆ. ಇದನ್ನು ಲೆಕ್ಕಕ್ಕೆ ಹಿಡಿದವರನ್ನು ನಾನು ನೋಡಿಯೇ ಇಲ್ಲ.

ಹೀಗೆ ತೂಗಿದ ಚೀಟಿಯ ಹಿಂದೆ ಪೆನ್ನಿನಲ್ಲಿ ಬರೆಯಿರಿ: ಡೀಸೆಲ್ ಫುಲ್, ಯೂರಿಯಾ ಫುಲ್, ಇಬ್ಬರು ಒಳಗೆ, ತಾಡಪಾಲು ಒಣಗಿದೆ. ತಾಡಪಾಲು ಒಣಗಿದೆ ಅಂತ ಬರೆಯುವುದು ನೋಡಿ ಕೆಲವರು ನಗುತ್ತಾರೆ. ಮಳೆಗಾಲದಲ್ಲಿ ಒದ್ದೆಯಾದ ಹತ್ತಿ ತಾಡಪಾಲನ್ನು ಮಡಚಿ ಎತ್ತಿದವರು ನಗುವುದಿಲ್ಲ.

ಆರು ತಿಂಗಳಿಗೊಮ್ಮೆ, ಅಥವಾ ಬಾಡಿ ಕೆಲಸ ಮಾಡಿಸಿದಾಗಲೆಲ್ಲ, ಇನ್ನೊಮ್ಮೆ ತೂಗಿಸಿ. ವೇಬ್ರಿಡ್ಜ್‌ಗೆ ಕಾನೂನು ಮಾಪನ ಇಲಾಖೆಯ ಆ ವರ್ಷದ ಮುದ್ರೆ ಇದೆಯಾ ಅಂತ ನೋಡಿಕೊಳ್ಳುವುದೂ ಒಳ್ಳೆಯದು.

ಎಷ್ಟು ಲೋಡ್ ಹಿಡಿಯುತ್ತದೆ?

ಆರ್‌ಸಿಯಲ್ಲಿರುವ ಒಟ್ಟು ತೂಕವೇ ಕೊನೆಯ ಮಾತು. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಆಕ್ಸಲ್ (ಚಕ್ರಗಳ ಅಚ್ಚು) ಲೋಡ್ ಮಿತಿ ಏರಿಸಿತು. ಎರಡು ಆಕ್ಸಲ್‌ನ ಆರು ಚಕ್ರದ ಗಾಡಿ 16.2 ಟನ್‌ನಿಂದ 18.5 ಟನ್‌ಗೆ ಹೋಯಿತು. ಹಳೆಯ ಗಾಡಿ ಇಟ್ಟುಕೊಂಡವರು "ಈಗ ಎಲ್ಲರಿಗೂ ಜಾಸ್ತಿ ಆಗಿದೆ" ಅಂತ ಬಾಯಿಮಾತು ನಂಬಿ ತುಂಬಿಸಬಾರದು. ನಿಮ್ಮ ಆರ್‌ಸಿಯಲ್ಲಿ ಏನಿದೆಯೋ ಅದಷ್ಟೇ.

ನಮ್ಮ ಗಾಡಿಯ ಲೆಕ್ಕ ಹೀಗಿದೆ. ಒಟ್ಟು 28,000. ಫುಲ್ ಟ್ಯಾಂಕಿನ ಖಾಲಿ ತೂಕ 9,640. ಉಳಿಯುವುದು 18,360. ಇದರಲ್ಲಿ 150 ಕೆಜಿ ಕೈಬಿಡುತ್ತೇನೆ. ಒಂದು ವೇಬ್ರಿಡ್ಜ್‌ಗೂ ಇನ್ನೊಂದಕ್ಕೂ ಸ್ವಲ್ಪ ಹೆಚ್ಚುಕಮ್ಮಿ ಇದ್ದೇ ಇರುತ್ತದೆ, ಅದಕ್ಕೆ. ಆಗ ಹಾಕಬಹುದಾದ ಮಾಲು 18,210 ಕೆಜಿ. ಆರ್‌ಸಿ ನೋಡಿ ಹೇಳುವ 19,100ಕ್ಕೂ ಇದಕ್ಕೂ ಸುಮಾರು 900 ಕೆಜಿ ಅಂತರ. 19,100 ತುಂಬಿ, ಟ್ಯಾಂಕ್ ಫುಲ್ ಮಾಡಿ ಹೊರಟಿದ್ದರೆ ಗಾಡಿ 28,740 ತೂಗುತ್ತಿತ್ತು.

740 ಕೆಜಿ ಏನು ಮಹಾ ಅನ್ನಬಹುದು. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ 194ನೇ ಕಲಂ ಪ್ರಕಾರ ಓವರ್‌ಲೋಡ್‌ಗೆ 20,000 ರೂಪಾಯಿ ದಂಡ. ಅದರ ಮೇಲೆ ಹೆಚ್ಚುವರಿ ಪ್ರತಿ ಟನ್‌ಗೆ 2,000. ಜಾಸ್ತಿ ಇರುವ ಮಾಲನ್ನು ಇಳಿಸುವ ಖರ್ಚೂ ನಿಮ್ಮದೇ. ತೂಗಿಸಲು ನಿಲ್ಲಿಸಿ ಅಂದಾಗ ನಿಲ್ಲಿಸದೆ ಹೋದರೆ 40,000. ಅಂದರೆ ದೊಡ್ಡ ಮೊತ್ತ ಬೀಳುವುದು ಮಿತಿಯ ಗೆರೆ ದಾಟಿದ್ದಕ್ಕೇ. ಆಮೇಲಿನ ಟನ್‌ಗಳು ಅಷ್ಟು ದುಬಾರಿಯಲ್ಲ. ಗೆರೆಯ ಹತ್ತಿರ ಇರುವವನಿಗೆ 250 ಕೆಜಿ ಡೀಸೆಲ್ ಸಣ್ಣ ವಿಷಯ ಅಲ್ಲ ಅನ್ನುವುದು ಅದಕ್ಕೇ.

ಈಗ ಟ್ಯಾಂಕಿನ ಪ್ರಶ್ನೆ. ದಾವಣಗೆರೆಯಿಂದ ಬೆಂಗಳೂರು, ಹೊಸೂರು, ಸೇಲಂ ದಾಟಿ ನಾಮಕ್ಕಲ್‌ಗೆ ಸುಮಾರು 520 ಕಿ.ಮೀ. ಲೋಡ್ ಇದ್ದಾಗ ನಮ್ಮ ಗಾಡಿ ಲೀಟರ್‌ಗೆ 4 ಕಿ.ಮೀ. ಕೊಡುತ್ತದೆ. ಬೇಕಾಗುವುದು 130 ಲೀಟರ್. ಟ್ರಾಫಿಕ್, ಸುತ್ತುದಾರಿ, ಮಿಲ್ ಮುಂದೆ ಸಾಲು ಅಂತ ಇನ್ನು 50 ಸೇರಿಸಿದರೆ 180 ಲೀಟರ್. 300ರ ಬದಲು 180 ಇಟ್ಟುಕೊಂಡು ಹೊರಟರೆ 120 ಲೀಟರ್ ಉಳಿತಾಯ, ಅಂದರೆ 100 ಕೆಜಿ. ಎರಡು ಮೂಟೆ ಜಾಸ್ತಿ ಮಾಲು ಹಾಕಬಹುದು.

ಎರಡೇ ಮೂಟೆಯಾ ಅಂತ ಬೇಜಾರಾಯಿತಾ? ನನಗೂ ಆಗಿತ್ತು. ಡೀಸೆಲ್ ಕಡಿಮೆ ಇಟ್ಟುಕೊಂಡು ಲಾಭ ಮಾಡುತ್ತೇವೆ ಅನ್ನುವ ಮಾತಿಗೆ ಹತ್ತು ಚಕ್ರದ ಗಾಡಿಯಲ್ಲಿ ಅಷ್ಟೇನೂ ಜೀವ ಇಲ್ಲ. ಎರಡು ಮೂಟೆಗೋಸ್ಕರ ಟ್ಯಾಂಕ್ ತಳ ಕಾಣುವಷ್ಟು ಖಾಲಿ ಇಟ್ಟು ಓಡಿಸಬೇಡಿ. ತಳದ ಕಸ ಫಿಲ್ಟರ್‌ಗೆ ಬರುತ್ತದೆ. ಗಾಳಿ ಎಳೆದುಕೊಂಡರೆ ಗಾಡಿ ನಡುರಸ್ತೆಯಲ್ಲಿ ನಿಲ್ಲುತ್ತದೆ, ಮೆಕ್ಯಾನಿಕ್ ಬರುವ ತನಕ ಕಾಯಬೇಕು. ಐದನೇ ಒಂದು ಭಾಗಕ್ಕಿಂತ ಕೆಳಗೆ ಇಳಿಸಬಾರದು ಅನ್ನುವುದು ನಮ್ಮ ಕಟ್ಟಲೆ.

ಎಲ್ಲಿ ಹಾಕಿಸಿದರೆ ಲಾಭ?

ಗಡಿ ದಾಟುವವರಿಗೆ ಈ ಪ್ರಶ್ನೆ ಇದ್ದೇ ಇದೆ. ಒಂದೊಂದು ರಾಜ್ಯದಲ್ಲಿ ಒಂದೊಂದು ತೆರಿಗೆ, ಒಂದೊಂದು ರೇಟು. ಅಗ್ಗದ ಕಡೆ ಫುಲ್ ಮಾಡಿಸು ಅಂತ ಎಲ್ಲರೂ ಹೇಳುತ್ತಾರೆ. 2025ರ ಏಪ್ರಿಲ್‌ನಲ್ಲಿ ಕರ್ನಾಟಕದಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆ 18.44ರಿಂದ 21.17 ಪರ್ಸೆಂಟ್‌ಗೆ ಏರಿತು, ಲಾರಿ ಮಾಲೀಕರು ಮುಷ್ಕರ ಹೂಡಿದರು. ಅಂಥ ದಿನಗಳಲ್ಲಿ ಹಳೆಯ ರೂಢಿಯನ್ನು ಇನ್ನೊಮ್ಮೆ ಲೆಕ್ಕ ಹಾಕಿ ನೋಡಬೇಕು.

ಲೆಕ್ಕ ಸುಲಭ. 1,200 ಲೀಟರ್ ಡೀಸೆಲ್ ಒಂದು ಟನ್ ತೂಗುತ್ತದೆ, ಆದ್ದರಿಂದ ಟನ್ ಬಾಡಿಗೆಯನ್ನು 1,200ರಿಂದ ಭಾಗಿಸಿ. ಟನ್‌ಗೆ 1,500 ರೂಪಾಯಿ ಬಾಡಿಗೆ ಅಂದುಕೊಂಡರೆ 1 ರೂಪಾಯಿ 25 ಪೈಸೆ ಬರುತ್ತದೆ. ಒಂದು ಲೀಟರ್ ಡೀಸೆಲ್ ಹೊರುವ ಜಾಗದಲ್ಲಿ ಮಾಲು ಹೊತ್ತಿದ್ದರೆ ಸಿಗುತ್ತಿದ್ದ ಬಾಡಿಗೆ ಅದು. ಮುಂದಿನ ರಾಜ್ಯದಲ್ಲಿ ಡೀಸೆಲ್ ಇಲ್ಲಿಗಿಂತ ಲೀಟರ್‌ಗೆ ಈ ಮೊತ್ತಕ್ಕೂ ಜಾಸ್ತಿ ದುಬಾರಿ ಇದ್ದರೆ ಇಲ್ಲೇ ಫುಲ್ ಮಾಡಿಸಿ. ಬರೀ 50 ಪೈಸೆ ವ್ಯತ್ಯಾಸ ಇದ್ದರೆ ಅಲ್ಲೇ ಹಾಕಿಸಿ, ಇಲ್ಲಿ ಮಾಲು ಹಾಕಿ. ಹತ್ತು ಚಕ್ರದ ಗಾಡಿಯಲ್ಲಿ ವಾಪಸ್ ಬರಲು ಬೇಕಾದ 90 ಲೀಟರ್ ಅನ್ನು ಹೋಗುವಾಗಲೇ ಹೊತ್ತರೆ 75 ಕೆಜಿ, ಬಾಡಿಗೆಯಲ್ಲಿ 112 ರೂಪಾಯಿ ಚಿಲ್ಲರೆ.

ಇದು ಲೋಡ್ ಮಿತಿಯವರೆಗೂ ಮಾಲು ಸಿಗುವ ಗಾಡಿಗೆ ಮಾತ್ರ. ಹತ್ತಿ, ಥರ್ಮೋಕೋಲ್, ಖಾಲಿ ಡ್ರಮ್ಮುಗಳನ್ನು ಹಾಕಿಕೊಂಡು ಹೋಗುವವನಿಗೆ ಬಾಡಿ ತುಂಬಿದರೂ ತೂಕ ತುಂಬುವುದಿಲ್ಲ. ಅವನು ಎಲ್ಲಿ ಅಗ್ಗವೋ ಅಲ್ಲಿ ಫುಲ್ ಮಾಡಿಸಿಕೊಂಡು ಹಾಯಾಗಿ ಹೋಗಲಿ.

ಆಕ್ಸಲ್ ಮೇಲೆ ಎಷ್ಟು ಬೀಳುತ್ತದೆ

ಒಟ್ಟು ತೂಕ ಸರಿ ಇದ್ದರೂ ಮುಂದಿನ ಆಕ್ಸಲ್‌ಗೆ ಭಾರ ಜಾಸ್ತಿ ಆಗಬಹುದು. ಡೀಸೆಲ್ ಟ್ಯಾಂಕ್ ಸಾಮಾನ್ಯವಾಗಿ ಕ್ಯಾಬಿನ್ ಹಿಂದೆ ಚಾಸಿಯ ಪಕ್ಕ ಇರುತ್ತದೆ. ಅಂದರೆ ಹಿಂದಿನ ಚಕ್ರಗಳಿಗಿಂತ ಮುಂದಿನದಕ್ಕೇ ಹತ್ತಿರ. ಆದ್ದರಿಂದ ಅದರ ಭಾರದ ದೊಡ್ಡ ಪಾಲು ಮುಂದಕ್ಕೇ ಹೋಗುತ್ತದೆ.

ಟೇಪ್ ಹಿಡಿದು ಎರಡು ಅಳತೆ ತೆಗೆದುಕೊಳ್ಳಿ. ಮುಂದಿನ ಆಕ್ಸಲ್‌ನಿಂದ ಹಿಂದಿನ ಜೋಡಿ ಆಕ್ಸಲ್‌ಗಳ ನಡುಮಧ್ಯಕ್ಕೆ ಎಷ್ಟು? 5.6 ಮೀಟರ್ ಅನ್ನೋಣ. ಮುಂದಿನ ಆಕ್ಸಲ್‌ನಿಂದ ಟ್ಯಾಂಕಿನ ಮಧ್ಯಕ್ಕೆ ಎಷ್ಟು? 2.1 ಮೀಟರ್. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ 0.375. ಅಂದರೆ ಡೀಸೆಲ್ ತೂಕದಲ್ಲಿ ನೂರಕ್ಕೆ 37 ಪಾಲು ಹಿಂದಕ್ಕೆ, ಉಳಿದ 63 ಪಾಲು ಮುಂದಕ್ಕೆ. 250 ಕೆಜಿಯಲ್ಲಿ 156 ಮುಂದಿನ ಆಕ್ಸಲ್ ಮೇಲೆ, 94 ಹಿಂದೆ.

ಮುಂದಿನ ಆಕ್ಸಲ್‌ಗೆ 7 ಟನ್ ಮಿತಿ ಇರುವ ಗಾಡಿಯಲ್ಲಿ ಈ 156 ಕೆಜಿ ಲೆಕ್ಕಕ್ಕೆ ಬರುತ್ತದೆ. ಅದರಲ್ಲೂ ಹಮಾಲರು ಕ್ಯಾಬಿನ್‌ಗೆ ಒತ್ತಿ ಚೀಲ ಜೋಡಿಸಿದ್ದರೆ. ಪರೀಕ್ಷೆ ಮಾಡುವುದು ಕಷ್ಟವಿಲ್ಲ. ವೇಬ್ರಿಡ್ಜ್‌ನಲ್ಲಿ ಹುಡುಗನಿಗೆ ಹೇಳಿ ಮುಂದಿನ ಚಕ್ರಗಳನ್ನು ಮಾತ್ರ ಪ್ಲಾಟ್‌ಫಾರಂ ಮೇಲೆ ಹತ್ತಿಸಿ ತೂಕ ಬರೆಸಿಕೊಳ್ಳಿ. ಗಾಡಿ ಮಟ್ಟಸವಾಗಿ ನಿಂತಿರಬೇಕು, ಬ್ರೇಕ್ ಬಿಟ್ಟಿರಬೇಕು. ಮುಂದೆ ಜಾಸ್ತಿ ಬಂದರೆ ಮಾಲು ಇಳಿಸಬೇಕಾಗಿಲ್ಲ, ಹಿಂದಕ್ಕೆ ಸರಿಸಿದರೆ ಸಾಕು. ಒಂದು ಟನ್ ಮಾಲನ್ನು ಮೂರು ಅಡಿ ಹಿಂದಕ್ಕೆ ಜೋಡಿಸಿದರೆ ಮುಂದಿನ ಆಕ್ಸಲ್ ಮೇಲೆ 160 ಕೆಜಿ ಇಳಿಯುತ್ತದೆ. ಫುಲ್ ಟ್ಯಾಂಕಿನಿಂದ ಏರಿದ್ದಕ್ಕೆ ಅದು ಸಮ.

ಟ್ರೇಲರ್ ಇರುವವರಿಗೆ ಒಂದೇ ಮಾತು: ಟ್ಯಾಂಕ್ ಇರುವುದು ಮುಂದಿನ ಕುದುರೆಯಲ್ಲಿ, ಅಂದರೆ ಟ್ರೇಲರ್ ಎಳೆಯುವ ಎಂಜಿನ್ ಗಾಡಿಯಲ್ಲಿ. ಅದರ ಭಾರದಲ್ಲಿ ಒಂದು ಕೆಜಿಯೂ ಹಿಂದಿನ ಟ್ರೇಲರ್ ಚಕ್ರಗಳಿಗೆ ಹೋಗುವುದಿಲ್ಲ. 400 ಲೀಟರ್ ಹಾಕಿಸಿದರೆ 333 ಕೆಜಿ ಪೂರ್ತಿ ಕುದುರೆಯ ಆಕ್ಸಲ್‌ಗಳೇ ಹೊರಬೇಕು.

ತೂಗುವಾಗಿನ ಶಿಸ್ತು

ನನ್ನ 3,600 ರೂಪಾಯಿ ಹೋದದ್ದು ಇಲ್ಲೇ. ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಜೋಳ, ಕಲ್ಲಿದ್ದಲು, ಅದಿರು, ಬೂದಿಯಂಥ ಮಾಲನ್ನು ಚೀಲ ಎಣಿಸಿ ಲೆಕ್ಕ ಒಪ್ಪಿಸುವುದಿಲ್ಲ. ಲೋಡ್ ತೂಕದಲ್ಲಿ ಖಾಲಿ ತೂಕ ಕಳೆದು ಬಂದದ್ದೇ ಮಾಲು. ಈ ಎರಡು ತೂಕಗಳ ನಡುವೆ ಗಾಡಿಯಲ್ಲಿ ಮಾಲು ಬಿಟ್ಟು ಬೇರೇನು ಬದಲಾದರೂ ಅದು ಮಾಲಿನ ಲೆಕ್ಕಕ್ಕೆ ಹೋಗಿ ಕೂರುತ್ತದೆ. ಡೀಸೆಲ್ ಹಾಗೆ. ಖಾಲಿ ತೂಗುವಾಗ ಕೆಳಗಿಳಿದಿದ್ದ ಡ್ರೈವರ್, ಲೋಡ್ ತೂಗುವಾಗ ಒಳಗೆ ಕೂತರೆ ಅವನೂ 70 ಕೆಜಿ ಜೋಳವೇ.

ತುಂಬುವ ಊರಿನಲ್ಲಿ ಡೀಸೆಲ್ ಹಾಕಿಸುವುದಿದ್ದರೆ ಖಾಲಿ ತೂಕಕ್ಕೆ ಮೊದಲೇ ಹಾಕಿಸಿ. ಇಲ್ಲವೇ ಲೋಡ್ ತೂಕ ಆದ ಮೇಲೆ ಹಾಕಿಸಿ. ಆಗ ಒಟ್ಟು ತೂಕದ ಮಿತಿಯಲ್ಲಿ ಅಷ್ಟು ಜಾಗ ಬಿಟ್ಟಿರಬೇಕು. ನಡುವೆ ಮಾತ್ರ ಪಂಪ್ ಕಡೆ ತಿರುಗಬೇಡಿ. ಹೋಗಲೇಬೇಕಾಗಿ ಬಂದರೆ ಬಿಲ್‌ನಲ್ಲಿರುವ ಲೀಟರ್‌ನ ಆರನೇ ಒಂದು ಭಾಗ ಕಳೆದು, ಬಂದ ಕೆಜಿಯನ್ನು ಖಾಲಿ ತೂಕಕ್ಕೆ ಸೇರಿಸಿ ಪಾರ್ಟಿಗೆ ಅಲ್ಲೇ ಹೇಳಿ. ಎಲ್‌ಆರ್ (ಮಾಲಿನ ಲಾರಿ ರಸೀದಿ) ಮೇಲೆ ಬರೆಸಿ. ತುಂಬುವಾಗ ಹೇಳಿದರೆ ಲೆಕ್ಕ ಅಂತಾರೆ, ಇಳಿಸುವಾಗ ಹೇಳಿದರೆ ನೆಪ ಅಂತಾರೆ.

ಇಳಿಸುವ ಊರಿನಲ್ಲಿ ಇದರ ಉಲ್ಟಾ. ಅಲ್ಲಿ ಮೊದಲು ಲೋಡ್ ತೂಕ, ಮಾಲು ಇಳಿಸಿದ ಮೇಲೆ ಖಾಲಿ ತೂಕ. ನಡುವೆ ಡೀಸೆಲ್ ಹಾಕಿಸಿದರೆ ಖಾಲಿ ತೂಕ ಏರುತ್ತದೆ, ಮಾಲು ಕಡಿಮೆ ಕಾಣುತ್ತದೆ. 120 ಲೀಟರ್ ಹಾಕಿಸಿದ್ದರೆ 100 ಕೆಜಿ ಶಾರ್ಟೇಜ್ ನೀವೇ ಕೈಯಾರೆ ಮಾಡಿಕೊಂಡ ಹಾಗೆ. ಮಿಲ್ ಮುಂದೆ ಎರಡು ದಿನ ಸಾಲಿನಲ್ಲಿ ನಿಂತಾಗ ಡ್ರೈವರ್‌ಗಳು "ಹೇಗೂ ನಿಂತಿದ್ದೀವಲ್ಲ" ಅಂತ ಪಂಪ್‌ಗೆ ಹೋಗಿಬರುವುದು ಉಂಟು. ಮೊದಲೇ ಹೇಳಿಟ್ಟಿರಿ. ಸಾಲಿನಲ್ಲಿ ಎಂಜಿನ್ ಆನ್ ಇಟ್ಟು ಸುಟ್ಟ ಡೀಸೆಲ್ ಒಂದೆರಡು ಕೆಜಿ ಅಷ್ಟೇ, ಅದನ್ನು ಮರೆತುಬಿಡಿ.

ಕೆಲವು ಕಡೆ ಮಾಲು ಇಳಿಸಿದ ಮೇಲೆ ಖಾಲಿ ತೂಗುವುದೇ ಇಲ್ಲ. ತುಂಬಿದ ಊರಿನ ಖಾಲಿ ತೂಕವನ್ನೇ ಚೀಟಿಯಿಂದ ತೆಗೆದುಕೊಂಡು ತಮ್ಮ ಲೋಡ್ ತೂಕದಲ್ಲಿ ಕಳೆಯುತ್ತಾರೆ. ಆಗ ದಾರಿಯಲ್ಲಿ ಉರಿದ ಡೀಸೆಲ್ ಪೂರ್ತಿ ಶಾರ್ಟೇಜ್ ಆಗಿ ಕಾಣುತ್ತದೆ. 130 ಲೀಟರ್ ಅಂದರೆ 108 ಕೆಜಿ. ಮೆಕ್ಕೆಜೋಳದ 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ ಹಿಡಿದರೆ 2,592 ರೂಪಾಯಿ. ಅಂಥ ಕಡೆ ಖಾಲಿ ತೂಕ ಅಲ್ಲೇ ತೆಗೆಯಿರಿ ಅಂತ ಪಟ್ಟು ಹಿಡಿಯಿರಿ. ಒಪ್ಪದಿದ್ದರೆ ಹತ್ತಿರದ ಬೇರೆ ವೇಬ್ರಿಡ್ಜ್‌ನಲ್ಲಿ ತೂಗಿಸಿ ಚೀಟಿ ಇಟ್ಟುಕೊಳ್ಳಿ. ಜೋಳದಲ್ಲಿ ತೇವ ಆರಿ ನಿಜವಾಗಿಯೂ ತೂಕ ಇಳಿಯುವುದೂ ಇದೆ. ಅದರ ಜೊತೆ ಡೀಸೆಲ್ ಲೆಕ್ಕವೂ ಕಲಸಿಹೋದರೆ ಯಾವುದು ಎಷ್ಟು ಅಂತ ದೇವರಿಗೂ ಗೊತ್ತಾಗುವುದಿಲ್ಲ.

ಇದೇ ಲೆಕ್ಕವನ್ನು ಬೇಕಂತಲೇ ಉಲ್ಟಾ ಆಡುವವರೂ ಇದ್ದಾರೆ. ಟ್ಯಾಂಕ್ ಖಾಲಿ ಇಟ್ಟು ಖಾಲಿ ತೂಗುವುದು, ಆಮೇಲೆ ಫುಲ್ ಮಾಡಿ ಲೋಡ್ ತೂಗುವುದು, ನಡುವೆ 250 ಕೆಜಿ ಮಾಲು ಮಾಯ. ಕೊಳ್ಳುವವರಿಗೆ ಇದು ಗೊತ್ತಿಲ್ಲದ್ದೇನಲ್ಲ. ಒಮ್ಮೆ ಸಿಕ್ಕಿಬಿದ್ದ ಗಾಡಿಗೆ ಆ ಮಿಲ್‌ನಲ್ಲಿ ಮತ್ತೆ ಲೋಡ್ ಸಿಗುವುದಿಲ್ಲ. ಗಾಡಿಯ ಹೆಸರು ಕೆಟ್ಟರೆ ಏಜೆಂಟರ ಫೋನ್ ಕೂಡ ಬರುವುದಿಲ್ಲ.

ನಮ್ಮ ಗಾಡಿಯಲ್ಲಿ ಈಗ ಒಂದು ಸಣ್ಣ ನೋಟ್‌ಬುಕ್ ಇದೆ. ಪ್ರತಿ ತೂಕಕ್ಕೂ ಒಂದು ಸಾಲು: ಊರು, ಸಮಯ, ತೂಕ, ಫುಲ್ ಮಾಡಿಸಿದ ಮೇಲೆ ಓಡಿದ ಕಿ.ಮೀ., ಒಳಗೆ ಎಷ್ಟು ಜನ. ಓಡಿದ ಕಿ.ಮೀ. ಗೊತ್ತಿದ್ದರೆ ಟ್ಯಾಂಕಿನಲ್ಲಿ ಎಷ್ಟು ಇಳಿದಿದೆ ಅನ್ನುವುದು ಮುಳ್ಳು ನೋಡದೆಯೇ ಗೊತ್ತಾಗುತ್ತದೆ. ಚೀಟಿಯ ಫೋಟೋ ತೂಗಿದ ತಕ್ಷಣ ವಾಟ್ಸ್ಆ್ಯಪ್‌ಗೆ ಬರಬೇಕು. ವೇಬ್ರಿಡ್ಜ್ ಚೀಟಿಯ ಅಕ್ಷರಗಳು ಬಿಸಿಲಿಗೆ ಹದಿನೈದು ದಿನದಲ್ಲಿ ಅಳಿಸಿಹೋಗುತ್ತವೆ.

ನೋಟ್‌ಬುಕ್ ಬರೆಯುವುದು ಅದೇ ಡ್ರೈವರ್. ನಾನು ಕ್ಷಮೆ ಕೇಳಿದಾಗ ಅವರು ಏನೂ ಅನ್ನಲಿಲ್ಲ. ಮುಂದಿನ ಟ್ರಿಪ್‌ನಲ್ಲಿ ಖಾಲಿ ತೂಗುವ ಮೊದಲೇ ಫೋನ್ ಮಾಡಿ, "ಸಾಹುಕಾರ್ರೇ, ಪಂಪ್ ಮುಂದೆ ನಿಂತಿದೀನಿ, ಈಗ ಹಾಕಿಸ್ಲೋ, ಆಮೇಲೋ?" ಅಂದರು. ಈಗ್ಲೇ ಹಾಕಿಸಿ ಅಂದೆ.